ಎರಡು ಗೀರು ಸಿಕ್ಕವು, ಲೋಡು ಮಾತ್ರ ವಾಪಸ್ ಹೋಗ್ಲಿಲ್ಲ

ಅಕ್ಕಿ ಮಿಲ್ಲಿನ ಲ್ಯಾಬಿನಾಗ ಕುಂತು ನುಸಿ ಹುಳದ ಜನನಾಂಗ ಬಿಚ್ಚಿ ನೋಡಿದವ ಈ ಕಾರಟಗಿ-ಗಂಗಾವತಿ ಭಾಗದಾಗ ನಾನೊಬ್ನೇ ಇರ್ಬೇಕು. ಯಾಕ ನೋಡಿದಿ, ನೋಡಿ ಏನ್ ಕಡದು ಗುಡ್ಡಿ ಹಾಕಿದಿ ಅಂತ ನಮ್ಮ ಅಗ್ರಿ ಬ್ಯಾಚಿನ ಗ್ರೂಪಿನಾಗ ಇನ್ನೂ ಕಾಡಸ್ತಾರ, ಅದಕ್ಕ ಒಂದ್ಸಲ ಪೂರ್ತಿ ಬರದ್ಬಿಡ್ತೀನಿ, ಆಮ್ಯಾಲ ಯಾರೂ ಕೇಳಬ್ಯಾಡ್ರಿ.

ಮಾಲು ಸೋನಾ ಮಸೂರಿ, ರಾ ರೈಸ್, ಹಳೇದಾದ್ರ ರೇಟ್ ಬರ್ತೈತಿ ಅಂತ ಗೋಡೌನಿನಾಗ ನಿಟ್ಟು ಹಚ್ಚಿ ಇಟ್ಟಿದ್ದ ಲಾಟು. ಲೋಡಿಂಗ್ ದಿನ ನಾನೇ ಪ್ರೋಬ್ ಹಾಕಿ ಸ್ಯಾಂಪಲ್ ತಗದು ಸಾಣಿಗಿ ಹಿಡದಿದ್ದೆ. ಮೊಯಿಶ್ಚರ್ ಓಕೆ, ನುಚ್ಚು ಲಿಮಿಟಿನಾಗ, ಜೀವಂತ ಹುಳ ನಿಲ್. ಸತ್ತ ಹುಳ ಇದ್ದವು, ಹುಳ ಸಾಯ್ಲಿ ಅಂತ ಗ್ಯಾಸ್ ಬಿಡೋ ಗುಳಿಗಿ ಇಟ್ಟು ಕವರ್ ಹೊದಿಸಿದ್ದ ನಿಟ್ಟಿನಾಗ ಅವು ಇರದ ಬಿಟ್ಟು ಇನ್ನೇನ್ ಇರ್ತಾವ. ಸೈನ್ ಹಾಕಿದೆ, ಗಾಡಿ ಹೋತು. ಹತ್ತು ಹನ್ನೆರಡು ದಿನಕ್ಕ ಮಾಲು ಕೊಂಡ ಪಾರ್ಟಿ ಕಡಿಂದ ವಿಡಿಯೋ ಬಂತು, ಚೀಲದ ಬಾಯಿ ಮ್ಯಾಲ ಹುಳ ಸಾಲು ಹಚ್ಚಿ ಹೊಂಟಾವ. ಪಾರ್ಟಿ ಬೆಳಗಾವಿ ಕಡೇದು, ಅವರ ಗೋಡೌನಿನಾಗ ಅಕ್ಕಿ ಜೊತಿಗೆ ಮೆಕ್ಕಿಜೋಳನೂ ಇರ್ತೈತಿ. ನಮ್ಮ ಸಾವ್ಕಾರ್ರು ಫೋನಿನಾಗ ಮೊದಲ ಮಾತಿಗೇ "ಅವು ನಿಮ್ಮ ಮೆಕ್ಕಿಜೋಳದ ಹುಳಾರೀ" ಅಂದ್ರು, ಅತ್ಲಾಗಿಂದ "ನಿಮ್ಮ ಗೋಡೌನ್ ಹುಳ ನಮಗ್ಯಾಕ ಕಟ್ತೀರಿ" ಅಂದ್ರು, ನಡುವ ದಲಾಲಿ ಎರಡೂ ಕಡೆ ಹೂಂ ಹೂಂ ಅಂತ. ಕಡೀಕ ಲೋಡು ಲೋಡೇ ವಾಪಸ್ ಬಂದು ಮಿಲ್ಲಿನ ಗೇಟಿನಾಗ ನಿಂತಿತು, ಜೊತಿಗೆ ಅವರ ಕಡೆಯವ್ರು ಒಬ್ರು ಸರ್ವೇಯರ್, ಅಂದ್ರ ಮಾಲು ಪರೀಕ್ಷಾ ಮಾಡಾವ್ರು, ವಯಸ್ಸಾದ ಮನಷ್ಯಾ, ಮಾತು ಕಮ್ಮಿ.

ಇಲ್ಲಿ ನನ್ನ ತಲಿ ಓಡಿತು ನೋಡ್ರಿ. ಸಾವ್ಕಾರ್ರಿಗೆ ಹೇಳಿದೆ, ಈ ಹುಳದಾಗ ಎರಡು ಜಾತಿ ಅದಾವ, ಒಂದು ಅಕ್ಕಿದು ಸೈಟೋಫಿಲಸ್ ಒರೈಜೆ, ಇನ್ನೊಂದು ಮೆಕ್ಕಿಜೋಳದ್ದು ಸೈಟೋಫಿಲಸ್ ಜಿಯಾಮೈಸ್, ಯಾವುದಂತ ಕಂಡು ಹಿಡದ್ರ ಕೇಸ್ ಖಲಾಸ್. ಅವರಿಗೆ ಅದೆಷ್ಟು ಹಿಡಿಸ್ತು ಅಂದ್ರ ಸರ್ವೇಯರ್‌ಗೆ ಚಾ ತರ್ಸಿ, "ನಮ್ಮ ಲ್ಯಾಬಿನಾಗ ಈಗ್ಲೇ ಸೈಂಟಿಫಿಕ್ ಆಗಿ ತೋರಸ್ತೀವಿ, ಕುಂದರ್ರಿ" ಅಂದ್ಬಿಟ್ರು. ಆ ಮನಷ್ಯಾ ತಲಿ ಅಲ್ಲಾಡ್ಸಿ ಕುಂತ.

ನೋಡಾಕ ಎರಡೂ ಒಂದೇ. ಮೂರು ಮಿಲಿಮೀಟರ್ ಆಜುಬಾಜು, ಕಂದು-ಕಪ್ಪು ಬಣ್ಣ, ಬೆನ್ನಿನ ಎಲಿಟ್ರಾ (ಗಟ್ಟಿ ಹೊರ ರೆಕ್ಕಿ) ಮ್ಯಾಲ ನಾಲ್ಕು ಕೆಂಪು-ಹಳದಿ ಮಚ್ಚಿ, ಮುಂದ ಸೊಂಡಿಲು, ಅದರ ತುದೀಗೆ ಬಾಯಿ, ಸೊಂಡಿಲ ಬುಡದಿಂದ ಎಂಟು ಗಂಟಿನ ಮೀಸಿ, ಅದು ನಡುವ ಮಡಚಿ ತುದೀಗೆ ದಪ್ಪ ಆಗಿರ್ತೈತಿ. ಇವರ ಅಣ್ಣ ಗ್ರಾನೇರಿಯಸ್ ಒಬ್ಬಾವ ಅದಾನ, ತಂಪು ದೇಶದಾವ, ಅವಂದು ಗುರುತು ಸರಳ, ಪ್ರೊನೋಟಮ್ (ತಲಿ ಹಿಂದಿನ ಬೆನ್ನಿನ ಭಾಗ) ಮ್ಯಾಲಿನ ಚುಕ್ಕಿಗುಳಿ ಉದ್ದುದ್ದ ಇರ್ತಾವ, ಎಲಿಟ್ರಾ ಕೆಳಗ ಹಾರೋ ರೆಕ್ಕಿ ಇಲ್ಲ. ನನ್ನ ಹುಳದ ಎಲಿಟ್ರಾ ಎತ್ತಿದ್ರ ರೆಕ್ಕಿ ಮಡಚಿ ಕುಂತಿದ್ದವು, ಗುಳಿ ದುಂಡಗ ಇದ್ದವು, ಹಂಗಾಗಿ ಅದು ಔಟ್. ಉಳಿದ ಎರಡರಾಗ ಸೈಜ್ ನೋಡಿ ಹೇಳೋ ಹಂಗಿಲ್ಲ, ದೊಡ್ಡ ಕಾಳಿನಾಗ ಬೆಳದ ಹುಳ ದೊಡ್ಡದು, ಸೋನಾದಂಥ ಸಣ್ಣ ಕಾಳಿನಾಗ ಬೆಳದದ್ದು ಸಣ್ಣದು. ಇದೇ ಕಾರಣಕ್ಕ ಬಹಳ ವರ್ಷ ಇವನ್ನ ಒಂದೇ ಹುಳದ ಸಣ್ಣ ತಳಿ ದೊಡ್ಡ ತಳಿ ಅಂತ ಗೊಂದಲ ಮಾಡ್ಕೊಂಡಿದ್ರು. ಒರೈಜೆಗೆ ಲಿನೇಯಸ್ 1763ರಾಗ ಹೆಸರಿಟ್ಟ, ಜಿಯಾಮೈಸ್‌ಗೆ ಮೊಟ್ಶುಲ್ಸ್ಕಿ 1855ರಾಗ, ಗೊಂದಲ ಬಿಡಿಸಿದ್ದು ಕುಶೆಲ್ ಅನ್ನಾವ 1961ರಾಗ. ಬಿಡಿಸಿದ್ದು ಗಂಡು ಹುಳದ ಎಡಿಯಾಗಸ್, ಅಂದ್ರ ಜನನಾಂಗದ ಕೊಳವಿ ನೋಡಿ. ಒರೈಜೆದ್ದು ಮ್ಯಾಲ ನುಣ್ಣಗ ಉಬ್ಬಿರ್ತೈತಿ, ಜಿಯಾಮೈಸ್‌ದ್ದು ಉದ್ದಕ್ಕ ಎರಡು ಗೀರು ಇರ್ತಾವ. ಇದೆಲ್ಲಾ ರಾಯಚೂರಿನಾಗ ಎಂಟಮಾಲಜಿ ಪ್ರಾಕ್ಟಿಕಲ್ ರೆಕಾರ್ಡಿನಾಗ ಚಿತ್ರ ಬರದು ಸೈನ್ ಹಾಕ್ಸಿದ್ದು, ಸಬ್‌ಫ್ಯಾಮಿಲಿ ಡ್ರೈಯೋಫ್ಥೋರಿನೆ ಅನ್ನೋದು ಸುದ್ದಾ ನೆನಪಿತ್ತು, ಯಾಕಂದ್ರ ತೆಂಗಿನ ಕೆಂಪು ಮೂತಿ ಹುಳ, ಬಾಳಿ ಗಡ್ಡಿ ಕೊರಿಯೋ ಮೂತಿ ಹುಳ ಎಲ್ಲಾ ಇದೇ ಮನಿತನದಾವು ಅಂತ ಮೇಡಂ ವೈವಾದಾಗ ಕೇಳಿದ್ರು.

ಮೊದಲು ಗಂಡು ಆರಸ್ಬೇಕು. ಗಂಡಿನ ಸೊಂಡಿಲು ಗಿಡ್ಡ, ದಪ್ಪ, ಒರಟು, ಹೆಣ್ಣಿಂದು ಉದ್ದ, ಸಣ್ಣ, ಮಿಂಚ್ತೈತಿ. ಆರಿಸಿ ಬಿಸಿ ನೀರಿನಾಗ ಮೆತ್ತಗ ಮಾಡಿ, ಇನ್ಸುಲಿನ್ ಸೂಜಿಲೆ ಹೊಟ್ಟಿ ಬಿಡಿಸಿ, ಮೆತ್ತನ್ನ ಮಾಂಸ ಕರಗ್ಲಿ ಅಂತ ಕೆಒಎಚ್ (ಕಾಸ್ಟಿಕ್ ಪೊಟ್ಯಾಶ್) ದ್ರಾವಣದಾಗ ಕುದಿಸಿದೆ. ಕೆಒಎಚ್ ನಮ್ಮಲ್ಲಿ ಇರೋದು ಅಕ್ಕಿಯ ಅಲ್ಕಲಿ ಟೆಸ್ಟಿಗೆ, ಸ್ಟಾಕ್ ಮುಗದೈತಿ ಅಂತ ಅಕೌಂಟ್ಸ್‌ಗೆ ಇಂಡೆಂಟ್ ಕೊಟ್ಟು ಕೊಟ್ಟು ಸಾಕಾಗಿತ್ತು, ಡಬ್ಬಿ ತಳದಾಗ ಉಳದಿದ್ದ ನಾಲ್ಕು ಹಳ್ಳು ಅವತ್ತು ಕೆಲಸಕ್ಕ ಬಂದವು. ಮೊದಲ್ನೇದು ಸ್ಲೈಡಿಗೆ ಇಡೋದ್ರಾಗ ಸಾವ್ಕಾರ್ರು ಸೆಕಿ ಅಂತ ಕೂಲರ್ ಹಚ್ಚಿದ್ರು, ಹಾರಿ ಹೋತು. ಒಂದು ಮಿಲಿಮೀಟರಿಗಿಂತ ಸಣ್ಣ ಸಾಮಾನು, ಎಲ್ಲಿ ಹುಡುಕ್ತೀರಿ. ಎರಡನೇದಕ್ಕ ಕರೆಂಟ್ ಹೋತು, ಜನರೇಟರ್ ಪಾಲಿಶರ್ ಲೈನಿಗೆ ಮಾತ್ರ ಕನೆಕ್ಷನ್, ಲ್ಯಾಬಿಗಿಲ್ಲ, ಮೊಬೈಲ್ ಟಾರ್ಚ್ ಹಿಡಿಯಾಕ ಹಮಾಲಿ ಹುಡುಗನ್ನ ನಿಲ್ಸಿದೆ, ಅವನ ಕೈ ನಡುಗ್ತಿತ್ತು, ಹಿಂದ ಸಾವ್ಕಾರ್ರು "ಏನಪಾ, ಕಂತಾ? ಕಂತಾ?" ಅಂತ ನಿಮಿಷಕ್ಕೊಮ್ಮೆ, ಹೊರಗ ಡ್ರೈವರ್ ಹಾಲ್ಟಿಂಗ್ ಚಾರ್ಜ್ ಲೆಕ್ಕ ಕೂಗಿ ಹೇಳ್ತಿದ್ದ. ಬೆವರು ಮೂಗಿನ ತುದಿಗೆ ಬಂದು ಗ್ಲಿಸರಿನ್ ಹನಿ ಮ್ಯಾಲ ಬೀಳ್ತೈತೇನೋ ಅಂತ ಉಸರು ಬಿಗಿಹಿಡದು ಫೋಕಸ್ ತಿರುವ್ತಾ ಹೋದೆ, ಮಂಜು ಮಂಜು, ಆಮ್ಯಾಲ ಕಂದು ಬಣ್ಣದ ಬಾಗಿದ ಕೊಳವಿ, ಸೂಜಿಲೆ ಸ್ವಲ್ಪ ಹೊಳ್ಳಿಸಿದೆ, ಉದ್ದಕ್ಕ ಎರಡು ಗೀರು! ಖರೇ ಹೇಳ್ತೀನಿ, ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನಾನೂ ಅಷ್ಟು ಖುಷಿ ಆಗಿರ್ಲಿಲ್ಲ.

"ಜಿಯಾಮೈಸ್ ಸರ್, ಮೆಕ್ಕಿಜೋಳದ ಹುಳ" ಅಂತ ಸರ್ವೇಯರ್‌ನ ಕರದು ತೋರ್ಸಿದೆ, ಲಿನೇಯಸ್‌ನಿಂದ ಕುಶೆಲ್ ತನಕ ಪೂರ್ತಿ ಭಾಷಣನೂ ಬಿಗದೆ. ಸಾವ್ಕಾರ್ರು ಆಗ್ಲೇ ದಲಾಲಿಗೆ ಫೋನ್ ಹಚ್ಚಿದ್ರು. ಆ ಮನಷ್ಯಾ ಮೈಕ್ರೋಸ್ಕೋಪಿನಾಗ ಬಗ್ಗಿ ನೋಡಿ, "ಚೊಲೋ ಬಿಡ್ಸೀರಿ ತಮ್ಮಾ, ಕೈ ಛಂದ ಐತಿ" ಅಂದ. ಆಮ್ಯಾಲ "ಒಂದು ಬ್ಲೇಡ್ ಕೊಡ್ರಿ, ಒಂದು ಬಿಳಿ ಹಾಳಿ" ಅಂದ.

ಹಾಳಿ ಮ್ಯಾಲ ಸ್ಯಾಂಪಲ್ ಸುರುವಿ, ಬೆರಳಿಲೆ ಹುಳ ಸರಿಸಿ, "ಬಣ್ಣ ನೋಡ್ರಿ" ಅಂದ. ನಾ ಇಷ್ಟೊತ್ತು ಅದರ ಒಳಗೆಲ್ಲಾ ನೋಡಿದ್ದೆ, ಬಣ್ಣ ನೋಡಿರ್ಲಿಲ್ಲ. ಎಲ್ಲಾ ಕೆಂಪಗ ಇದ್ದವು, ತಿಳಿ ಇಟ್ಟಂಗಿ ಬಣ್ಣ. ಹಳೇ ಹುಳ ಕಪ್ಪಗ ಆಗಿರ್ತಾವ, ಕಾಳಿಂದ ಈಗೀಗ ಹೊರಗ ಬಂದಾವು ಕೆಂಪಗ ಇರ್ತಾವ. ಮತ್ತ ಸುಣ್ಣದಂಗ ಬೆಳ್ಳಗ ಕಂಡ ಕಾಳು ಆರಿಸಿ ಬ್ಲೇಡಿಲೆ ಉದ್ದಕ್ಕ ಸೀಳಾಕತ್ತಿದ. ಒಂದರಾಗ ಏನಿಲ್ಲ. ಒಂದರಾಗ ಕಾಲಿಲ್ಲದ ಬಿಳಿ ಮರಿಹುಳ, ಸುರುಳಿ ಸುತ್ತಿ ಮಲಗಿತ್ತು. ಇನ್ನೊಂದರಾಗ ಪ್ಯೂಪಾ, ಅಂದ್ರ ಮರಿ ದೊಡ್ಡ ಹುಳ ಆಗೋ ನಡುವಿನ ಹಂತ, ಬೆಳ್ಳಗ ಮೇಣದಂಗ, ಸೊಂಡಿಲು ಎದಿಗೆ ಒತ್ತಿ ಕಾಲು ಮಡಚಿ, ಕಣ್ಣಿಗೆ ಮಾತ್ರ ಕಪ್ಪು ಬಂದಿತ್ತು. ಮತ್ತೊಂದರಾಗ ಪೂರ್ತಿ ಹುಳ, ಇನ್ನೂ ಹೊರಗ ಬಂದಿಲ್ಲ. ಒಂದು ಮಾತೂ ಆಡ್ದೆ ಸಾಲಾಗಿ ಇಟ್ಟ.

"ತತ್ತಿ ಇಟ್ಟು ಹುಳ ಹೊರಗ ಬರಾಕ ಈ ಬಿಸಿಲಿನಾಗ ಎಷ್ಟ ದಿನ ಬೇಕು?" ಅಂತ ನನ್ನೇ ಕೇಳಿದ. ಉತ್ತರ ನನಗ ಗೊತ್ತಿತ್ತು, ಅದೇ ಕಷ್ಟ. ಕಮ್ಮಿ ಅಂದ್ರ ಇಪ್ಪತ್ತೈದು, ಸಾಮಾನ್ಯ ಒಂದು ತಿಂಗಳು. ಮಾಲು ಅವರ ಕೈ ಸೇರಿ ಹನ್ನೆರಡು ದಿನ. ಅವರ ಮೆಕ್ಕಿಜೋಳದಿಂದ ಹಾರಿ ಬಂದ ಹುಳ ಮೊದಲ ರಾತ್ರಿನೇ ತತ್ತಿ ಇಟ್ರೂ ಹನ್ನೆರಡು ದಿನಕ್ಕ ಪ್ಯೂಪಾ ಆಗಂಗಿಲ್ಲ. "ಮತ್ತ ಆ ಜಿಯಾಮೈಸ್ ಅಂದ್ರೆಲಾ, ಅದು ಅಕ್ಕಿ ತಿನ್ನಂಗಿಲ್ಲೇನು?" ತಿಂತೈತಿ. ಎರಡೂ ಎಲ್ಲಾ ತಿಂತಾವ, ಅಕ್ಕಿ, ಗೋಧಿ, ಜೋಳ, ಮೆಕ್ಕಿಜೋಳ. ಅದೂ ರೆಕಾರ್ಡಿನಾಗ ಇತ್ತು, ಚಿತ್ರದ ಕೆಳಗ.

"ಗುಳಿಗಿ ಇಟ್ಟಾಗ ಕವರ್ ಎಷ್ಟ ದಿನ ಹೊದಿಸಿದ್ರಿ?"

ಸಾವ್ಕಾರ್ರು ಗೋಡೌನ್ ಕೀಪರ್ ಮುಖ ನೋಡಿದ್ರು, ಕೀಪರ್ ಮ್ಯಾಲಿನ ಛಾವಣಿ ಶೀಟ್ ನೋಡಿದ, ನಾ ಸ್ಲೈಡ್ ನೋಡಿದೆ. ಗಾಡಿ ಸಿಗದ ಸೀಸನ್, ಗಾಡಿ ಸಿಕ್ಕೈತಿ ಅಂತ ಮೂರನೇ ದಿನಕ್ಕ ಕವರ್ ಕಿತ್ತಿಸಿದ್ದು ಯಾರು ಅಂತ ಅಲ್ಲಿದ್ದ ಎಲ್ಲಾರಿಗೂ ಗೊತ್ತಿತ್ತು. ಇಡಬೇಕಾದ್ದು ಕಮ್ಮಿ ಅಂದ್ರ ಐದರಿಂದ ಏಳು ದಿನ, ಗ್ಯಾಸ್ ಹೊರಗ ಹೋಗದಂಗ ಸುತ್ತಲೂ ಸ್ಯಾಂಡ್ ಸ್ನೇಕ್ (ಉಸುಕು ತುಂಬಿದ ಉದ್ದ ಚೀಲ) ಹಾಕಿ. ನಮ್ಮ ಕವರಿಗೆ ಇಲಿ ಕಡದ ತೂತು ಬ್ಯಾರೆ, ಟೇಪ್ ಹಚ್ಚಿದ್ದು. ಗುಳಿಗಿ ಬಿಡೋ ಫಾಸ್ಫೀನ್ ಗ್ಯಾಸಿಗೆ ಓಡಾಡೋ ಹುಳ ಲಗೂನ ಸಾಯ್ತಾವ, ತತ್ತಿ ಮತ್ತ ಪ್ಯೂಪಾ ಗಟ್ಟಿ, ಅವಕ್ಕ ದಿನಗಟ್ಲೆ ಗ್ಯಾಸ್ ನಿಲ್ಲಬೇಕು. ಮೂರು ದಿನಕ್ಕ ಬಿಚ್ಚಿದ್ರ ಸಾಣಿಗ್ಯಾಗ ಸತ್ತ ಹುಳ ಸಿಗ್ತಾವ, ಲ್ಯಾಬಿನವ ನಿಲ್ ಅಂತ ಬರೀತಾನ, ಕಾಳಿನೊಳಗಿಂದ ಆಮ್ಯಾಲ ಒಂದೊಂದೇ ಹೊರಗ ಬರ್ತಾವ. ನನ್ನ ರಿಪೋರ್ಟ್ ಸುಳ್ಳಿರ್ಲಿಲ್ಲ, ಅಷ್ಟೇ. ಹೆಣ್ಣು ಹುಳ ಸೊಂಡಿಲಿಲೆ ತೂತು ಕೊರದು ಕಾಳಿಗೊಂದು ತತ್ತಿ ಇಟ್ಟು ಮ್ಯಾಲ ಅಂಟಿಲೆ ಮುಚ್ಚಿ ಬಿಡ್ತೈತಿ, ಬರಿಗಣ್ಣಿಗೆ ಕಾಣಂಗಿಲ್ಲ, ಸಾಣಿಗಿಗಂತೂ ಏನ್ ಗೊತ್ತಾಗ್ತೈತಿ. ದೊಡ್ಡ ಲ್ಯಾಬಿನಾಗ ಎಕ್ಸ್‌ರೇ ಹಿಡದು ನೋಡ್ತಾರಂತ, ನಮ್ಮಲ್ಲಿ ಹೊಸ ಸಾಣಿಗಿ ಕೊಡಸ್ರಿ ಅಂದಿದ್ದಕ್ಕೇ ವರ್ಷ ಹಿಡೀತು.

ಸೆಟ್ಲ್‌ಮೆಂಟ್ ಎಷ್ಟಕ್ಕಾತು ಅಂತ ನನಗ ಹೇಳ್ಲಿಲ್ಲ, ಲೋಡು ಮಾತ್ರ ನಮ್ಮಲ್ಲೇ ಇಳೀತು, ಮತ್ತ ಗುಳಿಗಿ, ಮತ್ತ ಸಾರ್ಟೆಕ್ಸ್ (ಕೆಟ್ಟ ಕಾಳು ಬ್ಯಾರೆ ಮಾಡೋ ಮಶೀನು). ಈಗ ನಾ ಲೋಡಿಂಗ್ ಸ್ಯಾಂಪಲ್ಲಿನಾಗ ಒಂದು ಹಿಡಿ ಕಾಳು ಬ್ಲೇಡಿಲೆ ಸೀಳಿ ನೋಡ್ತೀನಿ, ಜಾಸ್ತಿ ಹೊತ್ತೇನ್ ಹಿಡಿಯಂಗಿಲ್ಲ, ಗಾಡಿ ಡ್ರೈವರ್ ಮಾತ್ರ ಬೈತಾನ. ಸಾವ್ಕಾರ್ರಿಗೆ ಆ ಎರಡು ಗೀರು ಎಷ್ಟು ಹಿಡಿಸ್ಯಾವಂದ್ರ ಮೈಕ್ರೋಸ್ಕೋಪಿಗೆ ಹಚ್ಚೋ ಕ್ಯಾಮೆರಾ ತರ್ಸಿದ್ರು, ಬಂದ ಪಾರ್ಟಿಗೆಲ್ಲಾ ತೋರಸ್ತಾರ, ಹೊಸ ಕವರ್ ಇಂಡೆಂಟ್ ಮಾತ್ರ ಇನ್ನೂ ಅಕೌಂಟ್ಸಿನಾಗೇ ಐತಿ. ರಿಪೋರ್ಟ್ ಫಾರ್ಮಿನಾಗ ಹುಳದ ಹೆಸರು ಬರಿಯಾಕ ಹೊಸ ಕಾಲಂ ಮಾಡ್ಯಾರ. ಕವರ್ ಎಷ್ಟ ದಿನ ಇತ್ತು ಅನ್ನೋದಕ್ಕ ಕಾಲಂ ಇಲ್ಲ, ನಾನೇ ಮಾರ್ಜಿನ್‌ನಾಗ ಪೆನ್ನಿಲೆ ಬರೀತೀನಿ, ಆಫೀಸಿನ ಹುಡುಗ ಸ್ಕ್ಯಾನ್ ಮಾಡೋವಾಗ ಮಾರ್ಜಿನ್ ಕಟ್ ಮಾಡಿ ಕಳಸ್ತಾನ.