ಕೊಳೆರೋಗ ಹುಡುಕ್ತಾ ಕೂತ ಸಂಜೆ

ಮೂಡಿಗೆರೆ ಕಡೆ ಮಳೆ ಬಿಡ್ತಾನೇ ಇಲ್ಲ, ಚಿಕ್ಕಪ್ಪ ತೋಟದಿಂದ ಒಂದು ಫೋಟೋ ಕಳ್ಸಿದ್ರು, ಕಾಫಿ ಎಲೆ ಕಪ್ಪಾಗಿ ಕೊಳೆತು ತೊಟ್ಟು ಕಳಚ್ಕೊಂಡು ದಾರದಂಥ ಬೂಷ್ಟಿನ ಎಳೇಲಿ ಜೋತಾಡ್ತಿದೆ, ‘ಇದಕ್ಕೇನ್ ಮಾಡ್ಬೇಕು ನೋಡ್ ಮಾರಾಯ’ ಅಂದ್ರು. ಮೊದ್ಲು ಕನ್ನಡದಲ್ಲೇ ಕೊಳೆರೋಗ ಅಂತ ಹುಡುಕ್ದೆ, ಬಂದಿದ್ದೆಲ್ಲ ಅಡಿಕೆದು. ಕಾಫಿ ಅಂತ ಸೇರಿಸ್ದೆ, ಮೇಲಿನವೆಲ್ಲ ಔಷಧಿ ಮಾರೋರ ಜಾಹೀರಾತು. ಇಂಗ್ಲಿಷಲ್ಲಿ ಬ್ಲ್ಯಾಕ್ ರಾಟ್ ಅಂತ ಹಾಕಿದ್ಮೇಲೇ ಸರಿಯಾದ್ದು ಸಿಕ್ಕಿದ್ದು, ನೋಡಿದ್ರೆ ಆ ರೋಗ ತರೋ ಶಿಲೀಂಧ್ರದ ವೈಜ್ಞಾನಿಕ ಹೆಸರಲ್ಲೇ ‘ಕೊಳೆರೋಗ’ ಇದೆ, ನಮ್ಮ ಪದಾನೇ! ನಮ್ಮ ಪದ ಹುಡುಕೋಕೆ ನಾವು ಇಂಗ್ಲಿಷಿಗೆ ಹೋಗ್ಬೇಕಲ್ಲ ಅಂತ ನಿಜವಾಗ್ಲೂ ಬೇಜಾರಾಯ್ತು.

ನನ್ನ ಅನುಭವದಲ್ಲಿ ಕನ್ನಡಕ್ಕೆ ಈಗಲೂ ಗೂಗಲ್ಲೇ ಮುಂದು, ಫೋಟೋ ಹಾಕಿ ಹುಡುಕೋಕೂ ಲೆನ್ಸ್ ಇದೆ, ಆದ್ರೆ ನಾವು ಏನ್ ಹುಡುಕಿದ್ವಿ ಅಂತ ಲೆಕ್ಕ ಇಟ್ಕೊಂಡು ಅದಕ್ಕೆ ತಕ್ಕ ಜಾಹೀರಾತು ತೋರ್ಸತ್ತೆ. 2008ರಲ್ಲಿ ಬಂದ ಡಕ್‌ಡಕ್‌ಗೋ ಅನ್ನೋ ಸರ್ಚ್ ಎಂಜಿನ್ ಹಂಗೆ ನಮ್ಮ ಹಿಂದೆ ಬೀಳಲ್ಲ, ಅದು ನಂಗಿಷ್ಟ, ಆದ್ರೆ ಅದರ ಫಲಿತಾಂಶ ಬಹುಪಾಲು ಮೈಕ್ರೋಸಾಫ್ಟಿನ ಸರ್ಚ್ ಎಂಜಿನ್ ಬಿಂಗ್‌ದೇ, ಹಂಗಾಗಿ ಬಿಂಗಲ್ಲಿ ಸಿಗದ ಕನ್ನಡ ಪುಟ ಅಲ್ಲೂ ಸಿಗೋದು ಕಷ್ಟ. ಯಾವುದ್ರಲ್ಲಾದ್ರೂ ಸರಿ, ಪದಗಳನ್ನ ಉದ್ಧರಣ ಚಿಹ್ನೆ ಒಳಗೆ ಹಾಕಿ ನೋಡಿ, ಕಸ ಎಷ್ಟೋ ಕಮ್ಮಿಯಾಗತ್ತೆ.

ಇನ್ನು ಚಿಕ್ಕಪ್ಪನ ತೋಟದ ವಿಷ್ಯ, ಶೇ. 1ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಸೇರಿಸಿದ್ದು) ಮಳೆಗೆ ಮುಂಚೇನೇ ಹೊಡೀಬೇಕಿತ್ತಂತೆ. ಈಗ ಕೊಳೆತ ಎಲೆ ಕಿತ್ತು ಸುಡೋದು, ಗಿಡದ ಮಧ್ಯ ಗಾಳಿ ಆಡೋ ಹಂಗೆ ಬಿಡಿಸೋದು. ನಾಳೆ ಎಲೆ ತಗೊಂಡು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಹೋಗ್ತಿದೀವಿ, 1925ರಿಂದ ಇದನ್ನೇ ನೋಡ್ತಿರೋ ಜಾಗ ಅದು.