ಟವೆಲ್ ಮಿಲ್ಲಿನ ಊರಿನ ವೋಟು

ಅಮೆರಿಕದ ಕಾರ್ಮಿಕರು ಯಾಕೆ ಟ್ರಂಪ್‌ಗೆ ವೋಟು ಹಾಕುತ್ತಾರೆ ಅಂತ ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುತ್ತಾರೆ. ನಾನು ಅವರಿಗೆ ಕ್ಯಾನಾಪೊಲಿಸ್ ವಿಷಯ ಹೇಳುತ್ತೇನೆ.

ನಾರ್ತ್ ಕೆರೊಲಿನಾದಲ್ಲಿ, ನಾವಿರುವ ಷಾರ್ಲೆಟ್‌ಗೆ ಹತ್ತಿರದ ಊರು ಇದು. ಇಲ್ಲಿನ ಕ್ಯಾನನ್ ಮಿಲ್ಲು ಟವೆಲ್, ಬೆಡ್‌ಶೀಟಿಗೆ ಹೆಸರುವಾಸಿಯಾಗಿತ್ತು. ಊರು ಹುಟ್ಟಿದ್ದೇ ಮಿಲ್ಲಿನಿಂದ. ಕೊನೆಗೆ ಅದನ್ನು ನಡೆಸುತ್ತಿದ್ದ ಪಿಲೊಟೆಕ್ಸ್ ಕಂಪನಿ 2003ರ ಜುಲೈ 30ರಂದು ಬಾಗಿಲು ಹಾಕಿತು. ಈ ರಾಜ್ಯ ಒಂದರಲ್ಲೇ ಸುಮಾರು 4,800 ಜನರ ಕೆಲಸ ಹೋಯಿತು. ಕಂಪನಿ ಸಾಲದಲ್ಲಿ ಮುಳುಗಿತ್ತು, ನಿಜ. ಆದರೆ ಹೊರದೇಶದ ಅಗ್ಗದ ಮಾಲಿನ ಪೆಟ್ಟೂ ದೊಡ್ಡದೇ. ಹೊಸ ಕೆಲಸ ಕಲಿಯಿರಿ ಅಂದರು. ಹೈಸ್ಕೂಲೂ ಮುಗಿಸದೆ ಮಿಲ್ಲು ಸೇರಿದ್ದವರು ಐವತ್ತರಲ್ಲಿ ಏನು ಕಲಿಯಬೇಕು, ಹೇಳಿ?

ಆಗ ಇಲ್ಲಿನ ಸಂಸದರಾಗಿದ್ದ ರಾಬಿನ್ ಹೇಯ್ಸ್ ರಿಪಬ್ಲಿಕನ್, ಮಿಲ್ಲಿನ ಕ್ಯಾನನ್ ಮನೆತನದವರೇ. ವ್ಯಾಪಾರ ಒಪ್ಪಂದಗಳ ವಿಷಯದಲ್ಲಿ ಅಧ್ಯಕ್ಷರಿಗೆ ಹೆಚ್ಚಿನ ಅಧಿಕಾರ ಕೊಡುವ ಮಸೂದೆ 2001ರಲ್ಲಿ ಸಂಸತ್ತಿನ ಕೆಳಮನೆಯಲ್ಲಿ 215–214ರಿಂದ ಪಾಸಾಯಿತು. ಹೇಯ್ಸ್ ಪರವಾಗಿ ವೋಟು ಹಾಕಿದರು. 2005ರಲ್ಲಿ ಮಧ್ಯ ಅಮೆರಿಕದ ದೇಶಗಳ ಜೊತೆಗಿನ ಒಪ್ಪಂದವನ್ನು ವಿರೋಧಿಸುತ್ತೇನೆ ಅಂದಿದ್ದವರು ಕೊನೆ ಗಳಿಗೆಯಲ್ಲಿ ಪರ ನಿಂತರು. ಅದೂ 217–215ರಿಂದ ಪಾಸಾಯಿತು. ಜನ ಮರೆಯಲಿಲ್ಲ. 2006ರಲ್ಲಿ ಡೆಮಾಕ್ರಾಟ್ ಲ್ಯಾರಿ ಕಿಸೆಲ್ ಎದುರು ಹೇಯ್ಸ್ ಉಳಿದದ್ದು ಬರೀ 329 ವೋಟಿನಿಂದ. ಕಿಸೆಲ್ ಬಟ್ಟೆ ಮಿಲ್ಲಿನಲ್ಲಿ 27 ವರ್ಷ ದುಡಿದು ಆಮೇಲೆ ಮೇಷ್ಟ್ರಾದವರು. 2008ರಲ್ಲಿ ಅವರೇ ಗೆದ್ದರು.

ಈ ಸಿಟ್ಟಿಗೆ ಖಾಯಂ ಪಕ್ಷ ಅಂತ ಇಲ್ಲ. 2016ರಲ್ಲಿ ಟ್ರಂಪ್ ನಾಫ್ಟಾವನ್ನೂ (ಕೆನಡಾ, ಮೆಕ್ಸಿಕೊ ಜೊತೆಗಿನ ವ್ಯಾಪಾರ ಒಪ್ಪಂದ) ಚೀನಾವನ್ನೂ ಬೈದಾಗ ಇಂಥ ಎಷ್ಟೋ ಊರುಗಳು ಅವರ ಕಡೆ ತಿರುಗಿದವು. ಚೀನಾ ಆಮದಿನ ಪೆಟ್ಟು ಜಾಸ್ತಿ ಬಿದ್ದ ಕಡೆ ರಿಪಬ್ಲಿಕನ್ ವೋಟು ಹೆಚ್ಚಿತು ಅಂತ ಅರ್ಥಶಾಸ್ತ್ರಜ್ಞ ಡೇವಿಡ್ ಆಟರ್ ಮತ್ತು ಅವರ ಜೊತೆಗಾರರು ತೋರಿಸಿದ್ದಾರೆ. ಇವರನ್ನು ಸುಮ್ನೆ ದಡ್ಡರು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಗ್ಗದ ಟವೆಲ್‌ನಿಂದ ದೇಶಕ್ಕೆಲ್ಲ ಒಂದೆರಡು ಡಾಲರ್ ಉಳಿಯಿತು. ಸಂಬಳ ಹೋದದ್ದು ಇವರದ್ದು. ಹಾಗೆ ಕೆಲಸ ಕಳೆದುಕೊಂಡವರಿಗೆ ಅಂತಲೇ ಇದ್ದ ಸರ್ಕಾರದ ನೆರವೂ 2022ರಿಂದ ಹೊಸಬರಿಗೆ ಸಿಗುತ್ತಿಲ್ಲ.

ಆದರೆ ಹೊರದೇಶದ ಮಾಲಿಗೆ ಸುಂಕ ಹಾಕಿದರೆ ಮಿಲ್ಲು ವಾಪಸ್ ಬರುತ್ತದೆ ಅಂತಲೂ ನನಗೆ ನಂಬಿಕೆಯಿಲ್ಲ. ಕ್ಯಾನಾಪೊಲಿಸ್‌ನಲ್ಲಿ ಮಿಲ್ಲಿದ್ದ ಜಾಗದಲ್ಲಿ ಈಗ ಸಂಶೋಧನಾ ಕ್ಯಾಂಪಸ್ ಇದೆ. 2025ರ ಆಗಸ್ಟ್‌ನಲ್ಲಿ ಭಾರತದ ಮಾಲಿನ ಮೇಲೆ ಶೇ 50ರ ಸುಂಕ ಬಿದ್ದಾಗ ನನಗೆ ಮೊದಲು ನೆನಪಾದದ್ದು ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಆರ್ಡರ್ ಕಡಿಮೆಯಾದರೆ ಮೊದಲು ಓವರ್‌ಟೈಮ್ ಹೋಗುತ್ತದೆ, ಆಮೇಲೆ ಕೆಲಸ. ಅವರಿಗೆ ಇಲ್ಲಿ ವೋಟಿಲ್ಲ. ಅಲ್ಲಿ ಇದೆ. ನಿಮ್ಮ ಸಂಸದರು ಅವರ ಬಗ್ಗೆ ಏನು ಮಾತಾಡಿದರು ಅಂತ ದಯವಿಟ್ಟು ಕೇಳಿ.