ಊಟದ ವಿರಾಮದ ಹಾಡು

ನಮ್ಮ ಕಾರ್ಖಾನೆಯಲ್ಲಿ ಊಟಕ್ಕೆ ಅರ್ಧ ಗಂಟೆ ಬಿಡುವು. ಹತ್ತು ನಿಮಿಷದಲ್ಲಿ ಊಟ ಮುಗಿಸಿ, ಉಳಿದ ಇಪ್ಪತ್ತು ನಿಮಿಷ ಹಾಡುವುದು. ನಾನು ಸ್ಟೋರ್ಸ್‌ಗೆ ಸೇರಿದ 1989ರಿಂದಲೂ ಇದೇ ರೂಢಿ. ಇದಕ್ಕೆ ಓವರ್‌ಟೈಮ್ ಇಲ್ಲ, ಭತ್ಯೆ ಇಲ್ಲ. ಹಾಡಬೇಕು ಅನ್ನಿಸಿದವರು ಬರುತ್ತಾರೆ, ಅಷ್ಟೇ.

2022ರ ಅಕ್ಟೋಬರ್ 28, ಶುಕ್ರವಾರ. ಬೆಳಿಗ್ಗೆ ಹನ್ನೊಂದಕ್ಕೆ ರಾಜ್ಯದ ತುಂಬ ಕೋಟಿ ಕಂಠ ಗಾಯನ ಇತ್ತು. ಆರು ಕನ್ನಡ ಹಾಡು. ನಮ್ಮಲ್ಲಿ ಕ್ಯಾಂಟೀನ್ ಮುಂದಿನ ಹುಲ್ಲುಹಾಸಿನ ಮೇಲೆ ಎಲ್ಲರೂ ಸೇರುವುದು, ಮುಂದೆ ನಿಂತು ಹಾಡಿಸುವುದು ನಮ್ಮ ಗಾಯನ ವೃಂದ ಅಂತ ತೀರ್ಮಾನವಾಗಿತ್ತು. ಕೊರೊನಾ ಬಂದ ಮೇಲೆ ನಾವು ಎಲ್ಲರ ಮುಂದೆ ನಿಂತು ಹಾಡಿರಲೇ ಇಲ್ಲ. ಆ ಬೆಳಿಗ್ಗೆ ನನಗೆ ತಿಂಡಿ ಸೇರಲಿಲ್ಲ.

ನಮ್ಮ ವೃಂದ ಶುರುವಾಗಿದ್ದು ಗೋಕಾಕ್ ಚಳವಳಿಯ ಬಿಸಿಯಲ್ಲಿ. 1982ರಲ್ಲಿ ರಾಜ್‌ಕುಮಾರ್ ಮುಂದೆ ನಿಂತ ಮೇಲೆ ಬೆಂಗಳೂರಿನ ಕಾರ್ಖಾನೆಗಳಲ್ಲೂ ಕನ್ನಡದ ಹುರುಪು ಎದ್ದಿತ್ತು. ಆ ನವೆಂಬರಿನಲ್ಲಿ ಆರು ಜನ ರಾಜ್ಯೋತ್ಸವಕ್ಕೆ ಹಾಡಿದರಂತೆ. ಡ್ರಾಯಿಂಗ್ ಆಫೀಸಿನ ಒಬ್ಬರು ಮನೆಯಿಂದ ಹಾರ್ಮೋನಿಯಂ ತಂದರು. ಅದು ವಾಪಸ್ ಹೋಗಲೇ ಇಲ್ಲ, ಇವತ್ತಿಗೂ ನಮ್ಮದೇ.

ನಾನು ಸೇರುವಾಗ ಮೂವತ್ತು ಜನ ಇದ್ದರು. ತಮಿಳಿನವರು, ತೆಲುಗಿನವರು, ಮಲಯಾಳಿಗಳು, ಎಲ್ಲ ಇದ್ದರು. ವೆಲ್ಡಿಂಗ್ ಸೆಕ್ಷನ್ನಿನ ಒಬ್ಬರು ಹಾಡನ್ನೆಲ್ಲ ತಮಿಳು ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಅವರ ಕನ್ನಡದ ಉಚ್ಚಾರಣೆ ನಮ್ಮೆಲ್ಲರಿಗಿಂತ ಚೊಕ್ಕ.

ದೊಡ್ಡ ತೊಡಕು ಶ್ರುತಿಯದು. ಹಾರ್ಮೋನಿಯಂ ಮನೆಗಳ ಎಣಿಕೆಯಲ್ಲಿ ಗಂಡಸರಿಗೆ ಒಂದೂವರೆ ಹಿತ, ಹೆಂಗಸರಿಗೆ ಐದೂವರೆ; ಅಂಕಿ ಏರಿದಷ್ಟೂ ಶ್ರುತಿ ಏರುತ್ತದೆ. ನಡುವೆ ಮೂರಕ್ಕೆ ಇಟ್ಟರೆ, ಮೇಲೆ ಹೋದಾಗ ಗಂಡಸರು ಕಿರುಚಬೇಕು, ಕೆಳಗೆ ಬಂದಾಗ ಹೆಂಗಸರ ದನಿ ಉಡುಗಿಹೋಗುತ್ತದೆ. ಎಷ್ಟೋ ಮಧ್ಯಾಹ್ನ ಇದಕ್ಕೇ ಹೋಗಿದೆ. ಒಂದೊಂದು ಸಾಲನ್ನು ಒಂದೊಂದು ಕಡೆಯವರಿಗೆ ಹಂಚಿ ಹೇಗೋ ದಾರಿ ಮಾಡಿಕೊಂಡೆವು.

ತಗಡು ಒತ್ತುವ ಪ್ರೆಸ್ ಶಾಪಿನ ಮೇಸ್ತ್ರಿಯೊಬ್ಬರನ್ನು ಇಲ್ಲಿ ನೆನೆಯದೆ ಇರಲಾರೆ. ಇಪ್ಪತ್ತು ವರ್ಷ ಆ ಸದ್ದಿನಲ್ಲಿ ನಿಂತು ಅವರ ಕಿವಿ ಮುಕ್ಕಾಲು ಹೋಗಿತ್ತು. ಆದರೂ ಒಂದು ದಿನ ತಪ್ಪಿಸುತ್ತಿರಲಿಲ್ಲ. ಹಾರ್ಮೋನಿಯಂ ಪಕ್ಕದಲ್ಲೇ ನಿಂತು, ಅದರ ಮರದ ಮೈ ಮೇಲೆ ಎಡಗೈ ಅಂಗೈ ಊರಿ, ಕಣ್ಣು ಮುಚ್ಚುತ್ತಿದ್ದರು. "ಕೈಗೆ ಕೇಳ್ಸುತ್ತೆ ಕಣಮ್ಮ" ಅನ್ನುತ್ತಿದ್ದರು. ಶ್ರುತಿ ಸೇರಿದ ಮೇಲೆಯೇ ಬಾಯಿ ತೆರೆಯುತ್ತಿದ್ದುದು. ಆ ಜಾಗದಲ್ಲಿ ಪಾಲಿಶ್ ಸವೆದು ಮರ ಬೆಳ್ಳಗಾಗಿದೆ. ಹೊಸದಾಗಿ ಬಂದವರಿಗೆ ನಾನು ಮೊದಲು ತೋರಿಸುವುದು ಅದನ್ನೇ.

ಆಮೇಲೆ ಸ್ವಯಂ ನಿವೃತ್ತಿ ಯೋಜನೆ ಬಂತು. ಒಬ್ಬೊಬ್ಬರೇ ಹೊರಟರು, ಮೇಸ್ತ್ರಿಗಳೂ ಹೊರಟರು. ಒಂದು ವರ್ಷ ಒಂಬತ್ತೇ ಜನ ಉಳಿದಿದ್ದೆವು. ಈಗ ಮತ್ತೆ ಇಪ್ಪತ್ತೆರಡು. ಅರ್ಧದಷ್ಟು ಕಾಂಟ್ರಾಕ್ಟ್ ಹುಡುಗ ಹುಡುಗಿಯರು. ಕಾಯಂ ಅಲ್ಲ ಅಂತ ಅವರಿಗೆ ಸಂಘದ ಸದಸ್ಯತ್ವ ಕೊಡುವುದಿಲ್ಲ. ಹಾಡುವಾಗ ಮಾತ್ರ ಬೇಕು! ಇದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ಮೀಟಿಂಗಿನಲ್ಲಿ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಕೋಟಿ ಕಂಠ ಗಾಯನದ ಆ ವರ್ಷ ಹೊಸ ಕಷ್ಟವೊಂದು ಎದುರಾಗಿತ್ತು. ಕುವೆಂಪು ಅವರ ಕವಿತೆ 2004ರಿಂದಲೇ ನಮ್ಮ ನಾಡಗೀತೆ. ಆದರೆ ಯಾವ ಧಾಟಿ, ಎಷ್ಟು ಹೊತ್ತು ಅನ್ನುವ ಚರ್ಚೆ ಮುಗಿದಿರಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಆದೇಶ ಹೊರಡಿಸಿತು. ಮೈಸೂರು ಅನಂತಸ್ವಾಮಿಯವರ ಧಾಟಿ, ಎರಡು ನಿಮಿಷ ಮೂವತ್ತು ಸೆಕೆಂಡು, ಸಾಲು ತಿರುಗಿಸಿ ಹಾಡುವ ಹಾಗಿಲ್ಲ. ನಾವು ಎಳೆದೆಳೆದು ನಾಲ್ಕು ನಿಮಿಷದ ಮೇಲೆ ಹಾಡುತ್ತಿದ್ದವರು.

ಕಾಲ ಅಳೆಯಲು ವರ್ಕ್ ಸ್ಟಡಿ ಸೆಕ್ಷನ್ನಿನ ಸಾಹೇಬರನ್ನು ಕೇಳಿದೆವು. ಒಂದು ಕೆಲಸಕ್ಕೆ ಎಷ್ಟು ಹೊತ್ತು ಬೇಕು ಅಂತ ನಮ್ಮ ಬೆನ್ನ ಹಿಂದೆ ನಿಂತು ಅಳೆಯುವವರು ಅವರು. ಅವರ ಸ್ಟಾಪ್‌ವಾಚ್ ಕಂಡರೆ ಶಾಪಿನಲ್ಲಿ ಯಾರಿಗೂ ಆಗದು. ಅವರೂ ಸಂಕೋಚದಿಂದಲೇ ಬಂದರು. ಮೂರನೇ ದಿನ ವಾಚ್ 2.30 ತೋರಿಸಿತು. ಹುಡುಗರು ಚಪ್ಪಾಳೆ ಹೊಡೆದರು. ಸಾಹೇಬರು ತಲೆಯಾಡಿಸಿದರು. "ಇದರಲ್ಲಿ ಒಂದು ನಿಮಿಷಕ್ಕೆ ನೂರು ಭಾಗ ಇರುತ್ತೆ. ನಿಮಗೆ ಬೇಕಾಗಿರೋದು 2.50. ನೀವು ಹನ್ನೆರಡು ಸೆಕೆಂಡು ಮುಂಚೆನೇ ಮುಗಿಸಿದ್ದೀರಿ."

ಹನ್ನೆರಡು ಸೆಕೆಂಡು! ನಮಗೆ ನಿಧಿ ಸಿಕ್ಕಹಾಗಾಯಿತು. ನಾಡಗೀತೆಯಲ್ಲಿ ಋಷಿಗಳು, ಆಚಾರ್ಯರು, ಕವಿಗಳು, ರಾಜರ ಹೆಸರು ಸಾಲುಸಾಲಾಗಿ ಬರುತ್ತದಲ್ವಾ, ಅಲ್ಲಿ ಎಲ್ಲರಿಗೂ ಉಸಿರು ಕಟ್ಟುತ್ತಿತ್ತು. ಆ ಹನ್ನೆರಡು ಸೆಕೆಂಡನ್ನು ಅಲ್ಲಲ್ಲಿ ಹಂಚಿಕೊಂಡೆವು. ಇಂಥ ಹೆಸರು ಆದ ಮೇಲೆ ಒಂದು ಉಸಿರು, ಇಂಥ ಸಾಲು ಮುಗಿದ ಮೇಲೆ ಇನ್ನೊಂದು. ಹೆಸರುಗಳು ಒಂದೊಂದಾಗಿ ಬಿಡಿಸಿ ಕೇಳತೊಡಗಿದವು. ನಡುವೆ ದೀಪಾವಳಿ ರಜೆ ಬಂತು. ಮನೆಯಲ್ಲಿ ಒಲೆ ಮುಂದೆ ನಿಂತೂ ಅದನ್ನೇ ಎಣಿಸುತ್ತಿದ್ದೆ.

ಶುಕ್ರವಾರ ಹುಲ್ಲುಹಾಸು ತುಂಬಿ ರಸ್ತೆಯವರೆಗೂ ಜನ ನಿಂತಿದ್ದರು. ಆರು ಹಾಡಿನಲ್ಲಿ ಮೊದಲನೆಯದು ನಾಡಗೀತೆ. ಮೈಕು ಹಿಂದಿನ ಸಾಲಿಗೆ ತಡವಾಗಿ ಮುಟ್ಟುತ್ತಿತ್ತು. ನಾವು ಒಂದು ಪದ ಹಾಡಿದರೆ ಅವರು ಅರೆ ಪದ ಹಿಂದೆ. ಮೊದಲ ಸಾಲಿನಲ್ಲೇ ನನಗೆ ಎದೆ ಹಾರಿತು. ಹಾರ್ಮೋನಿಯಂ ನುಡಿಸುತ್ತಿದ್ದ ಹುಡುಗಿ ನನ್ನ ಮುಖ ನೋಡಿದಳು. ನಿಲ್ಲಿಸಬೇಡ ಅಂತ ಸನ್ನೆ ಮಾಡಿ, ಮುಂದಕ್ಕೆ ನಡೆದು, ಹಿಂದಿನವರಿಗೂ ಕಾಣುವ ಹಾಗೆ ಕೈ ಎತ್ತಿ ತಾಳ ಹಾಕಿದೆ. ಮೂರನೇ ಸಾಲಿನ ಹೊತ್ತಿಗೆ ಎಲ್ಲ ಒಂದಾಯಿತು. ಹೆಸರುಗಳ ಸಾಲು ಬಂದಾಗ ನಮ್ಮ ಇಪ್ಪತ್ತೆರಡು ಜನ ಉಸಿರು ತೆಗೆದುಕೊಂಡ ಜಾಗದಲ್ಲೇ ಆ ನೂರಾರು ಜನರೂ ಉಸಿರು ತೆಗೆದುಕೊಂಡರು. ಆ ಸದ್ದು ನನಗೆ ಕೇಳಿಸಿತು.

ಮುಗಿದ ಕೂಡಲೇ ಸಾಹೇಬರ ಕಡೆ ತಿರುಗಿ "ಎಷ್ಟಾಯ್ತು ಸರ್?" ಅಂದೆ. ಅವರು ಅಂಗೈ ಬಿಚ್ಚಿದರು. ಮುಳ್ಳು ಸೊನ್ನೆಯಲ್ಲೇ ಇತ್ತು. "ಒತ್ತೋದೇ ಮರೆತೆ ಮೇಡಂ, ನಾನೂ ಹಾಡ್ತಾ ಇದ್ದೆ" ಅಂದರು. ಇನ್ನೂ ಐದು ಹಾಡು ಬಾಕಿ ಇತ್ತು. ವಾಚನ್ನು ಜೇಬಿಗೆ ಹಾಕಿಕೊಂಡು ಬಂದು ಗಂಡಸರ ಸಾಲಿನ ಕೊನೆಯಲ್ಲಿ ನಿಂತರು.